ಅಬ್ಬೂರಿನ ಪಾಠ: ದಾಸರ ಹಾಡು ಕನ್ನಡಕ್ಕೆ ಬಂದಿದ್ದು ಹೇಗೆ?

ಇವತ್ತಿನ ಸಂಚಿಕೆ ಒಂದು ಸಣ್ಣ ಊರಿನದು. ಬೆಂಗಳೂರಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ವೇಲಿ ಹೋಗೋವಾಗ ಈ ಊರು ಕಣ್ಣಿಗೆ ಬೀಳಲ್ಲ. ರಾಮನಗರ, ಚನ್ನಪಟ್ಟಣ ಎರಡನ್ನೂ ಬೈಪಾಸ್ ದಾಟಿಸಿಬಿಡತ್ತೆ. ಆದ್ರೆ ಚನ್ನಪಟ್ಟಣದ ಹತ್ತಿರ, ಕಣ್ವ ನದಿ ಪಕ್ಕ, ಅಬ್ಬೂರು ಅಂತ ಒಂದು ಊರಿದೆ.

ಈ ಕಡೆಯ ಊರುಗಳನ್ನ ನಾವು ಹೇಗೆ ನೆನಪಿಟ್ಕೊಂಡಿದೀವಿ ನೋಡಿ. ಚನ್ನಪಟ್ಟಣ ಅಂದ್ರೆ ಬೊಂಬೆ. ರಾಮನಗರ ಅಂದ್ರೆ ರೇಷ್ಮೆಗೂಡು, ಶೋಲೆ ಸಿನಿಮಾ. ಮಾಗಡಿ ಅಂದ್ರೆ ಕೆಂಪೇಗೌಡ. ಕನಕಪುರ ಅಂದ್ರೆ ಚುನಾವಣೆ. ಹರಿದಾಸರು ಅಂದ್ರೆ ಮಾತ್ರ ನಮ್ಮ ಮನಸ್ಸು ಸೀದಾ ಹಂಪಿಗೆ, ಉಡುಪಿಗೆ, ಪಂಢರಪುರಕ್ಕೆ ಹೋಗತ್ತೆ. ಆದರೆ ದಾಸ ಪರಂಪರೆಯನ್ನ ಗಟ್ಟಿ ಮಾಡಿದ ಇಬ್ಬರು ಯತಿಗಳ ಬಾಲ್ಯಕ್ಕೂ ಈ ಅಬ್ಬೂರಿಗೂ ನಂಟಿದೆ. ಒಬ್ಬರು ಶ್ರೀಪಾದರಾಜರು. ಇನ್ನೊಬ್ಬರು ವ್ಯಾಸರಾಯರು.

ಇವತ್ತು ನಾನು ಹಿಡಿದಿರೋ ಪ್ರಶ್ನೆ ಒಂದೇ. ಸಂಸ್ಕೃತದಲ್ಲಿ ದೇಶಕ್ಕೇ ಹೆಸರಾದ ಪಂಡಿತರು ಇವರು. ಹಾಗಿದ್ದವರು ದೇವರ ಮುಂದೆ ಕನ್ನಡ ಹಾಡನ್ನ ಯಾಕೆ ತಂದರು?

ಮೊದಲು ಲೆಕ್ಕದ ಕ್ರಮ

ನಾನು ಓದಿದ್ದು ಬಿ.ಕಾಂ. ಯಾವ ಎಂಟ್ರಿ ನೋಡಿದ್ರೂ ವೋಚರ್ ಎಲ್ಲಿ ಅಂತ ಕೇಳೋದು ಅಭ್ಯಾಸ ಆಗ್ಬಿಟ್ಟಿದೆ. ಭಕ್ತಿ ಪರಂಪರೆಯ ಇತಿಹಾಸ ಓದೋವಾಗ ಈ ಅಭ್ಯಾಸ ತುಂಬಾ ಉಪಯೋಗಕ್ಕೆ ಬರತ್ತೆ. ಹಾಗಾಗಿ ಮೂರು ಖಾತೆ ಇಟ್ಕೊಳ್ಳೋಣ. ಒಂದು ಶಾಸನ, ಅಂದ್ರೆ ಕಲ್ಲು ಮತ್ತು ತಾಮ್ರದ ಮೇಲೆ ಇರೋದು. ಎರಡು ಆ ಕಾಲದವರೇ ಬರೆದ ಪುಸ್ತಕ. ಮೂರು ಜನರ ಬಾಯಲ್ಲಿ, ಮಠದ ಸಂಪ್ರದಾಯದಲ್ಲಿ ಉಳಿದು ಬಂದ ಕಥೆ. ಮೂರನೇದು ಸುಳ್ಳು ಅಂತ ನಾನು ಹೇಳ್ತಿಲ್ಲ. ಅದನ್ನ ಮೊದಲನೇ ಖಾತೆಗೆ ಸೇರಿಸಬಾರದು, ಅಷ್ಟೇ.

ಒಂದು ಉದಾಹರಣೆ. ಕನಕಪುರ ಅನ್ನೋ ಹೆಸರು ಕೇಳಿ ಅದು ಕನಕದಾಸರ ಊರು ಅಂದ್ಕೊಳ್ಳೋರು ಇದಾರೆ. ಕನಕದಾಸರು ಇವತ್ತಿನ ಹಾವೇರಿ ಜಿಲ್ಲೆಯ ಬಾಡದವರು. ಕನಕಪುರದ ಹಳೇ ಹೆಸರು ಕಾನಕಾನಹಳ್ಳಿ. ಹೆಸರು ಹೋಲತ್ತೆ ಅಂತ ಇತಿಹಾಸ ಹೊಂದಲ್ಲ.

ಅಬ್ಬೂರಿಗೂ ಮುಂಚೆ

ದೇವರ ಜೊತೆ ಕನ್ನಡದಲ್ಲಿ ಮಾತಾಡಬಹುದು ಅಂತ ತೋರಿಸಿದ್ದು ಹರಿದಾಸರೇ ಮೊದಲಲ್ಲ. 12ನೇ ಶತಮಾನದಲ್ಲಿ ಶರಣರು ವಚನಗಳಲ್ಲಿ ಅದನ್ನ ಮಾಡಿ ತೋರಿಸಿದ್ರು. ಅದಕ್ಕೂ ಎಷ್ಟೋ ಮೊದಲು ತಮಿಳುನಾಡಿನಲ್ಲಿ ಆಳ್ವಾರರು ತಮಿಳಲ್ಲಿ ಹಾಡಿದ್ರು.

ಹರಿದಾಸರ ತತ್ವದ ಬುಡ ಇರೋದು ಮಧ್ವಾಚಾರ್ಯರಲ್ಲಿ. 1238ರಲ್ಲಿ ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದವರು. ಜೀವ ಬೇರೆ, ದೇವರು ಬೇರೆ, ಜೀವ ಯಾವಾಗಲೂ ಹರಿಯ ಸೇವಕ ಅನ್ನೋದು ಅವರ ಮಾತು. ‘ದಾಸ’ ಅನ್ನೋ ಪದಕ್ಕೆ ತೂಕ ಬಂದಿದ್ದು ಇಲ್ಲಿಂದ. ಆದರೆ ಮಧ್ವರು ಗ್ರಂಥ ಬರೆದಿದ್ದು ಸಂಸ್ಕೃತದಲ್ಲಿ.

ಅವರ ನೇರ ಶಿಷ್ಯರಲ್ಲಿ ನರಹರಿತೀರ್ಥರು ಅಂತ ಒಬ್ಬರು. ಇವರು ಕಳಿಂಗ ದೇಶದಲ್ಲಿ ಆಡಳಿತ ನೋಡಿಕೊಂಡವರು. ಇವತ್ತಿನ ಆಂಧ್ರದ ಶ್ರೀಕೂರ್ಮಂ ದೇವಸ್ಥಾನದಲ್ಲಿ 1281ರ ಶಾಸನ ಇದೆ, ಅದರಲ್ಲಿ ಇವರ ಹೆಸರಿದೆ. ಅಂದ್ರೆ ವೋಚರ್ ಇದೆ. ಇವರ ಹೆಸರಲ್ಲಿ ಬೆರಳೆಣಿಕೆಯಷ್ಟು ಕನ್ನಡ ಹಾಡುಗಳು ಉಳಿದಿವೆ. ಹಾಗಾಗಿ ದಾಸ ಸಾಹಿತ್ಯದ ಮೊದಲ ಹೆಜ್ಜೆಯನ್ನ ಸಾಮಾನ್ಯವಾಗಿ ಇವರಿಂದ ಎಣಿಸ್ತಾರೆ.

ಆಮೇಲೆ ಏನಾಯ್ತು? ಹೆಚ್ಚುಕಡಿಮೆ ನೂರು ವರ್ಷ ಹಾಡಿನ ಕಡೆ ಸದ್ದೇ ಇಲ್ಲ. ಶಾಸ್ತ್ರದ ಕಡೆ ಕೆಲಸ ಜೋರಾಗಿ ನಡೀತು. ಜಯತೀರ್ಥರಂಥ ದೊಡ್ಡ ಟೀಕಾಕಾರರು ಬಂದ್ರು. ಮಠಗಳು ಬೇರೆಬೇರೆ ಶಾಖೆ ಆದವು. ಆ ಶಾಖೆಗಳಲ್ಲಿ ಒಂದು ಅಬ್ಬೂರಿನಲ್ಲಿ ನೆಲೆ ಕಂಡ್ಕೊಂಡಿತು.

ಅಬ್ಬೂರು ಎಷ್ಟು ದೂರ?

15ನೇ ಶತಮಾನದ ಮಾತು. ಅಬ್ಬೂರಲ್ಲಿ ಪುರುಷೋತ್ತಮತೀರ್ಥರು ಅನ್ನೋ ಯತಿ ಇದ್ರು. ಅವರು ತಪಸ್ಸು ಮಾಡಿದರು ಅನ್ನೋ ಗುಹೆಯನ್ನ ಅಬ್ಬೂರಲ್ಲಿ ಈಗಲೂ ತೋರಿಸ್ತಾರೆ. ಅವರ ಶಿಷ್ಯರು ಬ್ರಹ್ಮಣ್ಯತೀರ್ಥರು. ಇವರ ಬೃಂದಾವನ ಅಬ್ಬೂರಲ್ಲೇ ಇದೆ.

ಇನ್ನು ಮೂರನೇ ಖಾತೆಯ ಒಂದು ಕಥೆ. ಶ್ರೀರಂಗದ ಕಡೆಯಿಂದ ಸ್ವರ್ಣವರ್ಣತೀರ್ಥರು ಅನ್ನೋ ಯತಿಗಳು ಪಲ್ಲಕ್ಕಿಯಲ್ಲಿ ಬರ್ತಾ ಇದಾರೆ. ಸಂಜೆ ಹೊತ್ತು. ದಾರೀಲಿ ಒಬ್ಬ ಹುಡುಗ ದನ ಹೊಡ್ಕೊಂಡು ಹೋಗ್ತಾ ಇದಾನೆ. ಅಬ್ಬೂರು ಎಷ್ಟು ದೂರ ಮಗು ಅಂತ ಅವನನ್ನ ಕೇಳ್ತಾರೆ. ಹುಡುಗ ಹರದಾರಿ ಲೆಕ್ಕ ಹೇಳಲ್ಲ. ಮುಳುಗ್ತಾ ಇರೋ ಸೂರ್ಯನ್ನ ನೋಡಿ, ಈ ದನಕರು ನೋಡಿ, ನನ್ನ ವಯಸ್ಸು ನೋಡಿ, ನೀವೇ ಲೆಕ್ಕ ಹಾಕ್ಕೊಳ್ಳಿ ಸ್ವಾಮಿ ಅಂತಾನೆ. ಹೊತ್ತು ಮುಳುಗೋದ್ರೊಳಗೆ ಇಷ್ಟು ಸಣ್ಣ ಹುಡುಗ ದನ ಮನೆ ಸೇರಿಸಬೇಕು ಅಂದ್ರೆ ಊರು ಪಕ್ಕದಲ್ಲೇ ಇರಬೇಕಲ್ವಾ?

ಆ ಹುಡುಗನೇ ಲಕ್ಷ್ಮೀನಾರಾಯಣ. ಬ್ರಹ್ಮಣ್ಯತೀರ್ಥರಿಗೆ ಪೂರ್ವಾಶ್ರಮದಲ್ಲಿ ಹತ್ತಿರದ ನೆಂಟ ಅಂತ ಸಂಪ್ರದಾಯ ಹೇಳತ್ತೆ. ಯತಿಗಳು ಮನೆಯವರನ್ನ ಕೇಳಿ ಅವನನ್ನ ಕರ್ಕೊಂಡು ಹೋಗಿ, ಓದಿಸಿ, ಸನ್ಯಾಸ ಕೊಟ್ರು. ಮುಂದೆ ಅವರೇ ಮುಳಬಾಗಿಲಿನ ಶ್ರೀಪಾದರಾಜರು.

ಈ ಸಂಭಾಷಣೆ ಹೀಗೇ ನಡೀತು ಅನ್ನೋದಕ್ಕೆ ಶಾಸನ ಇಲ್ಲ. ಆದರೆ ಈ ಕಥೆಯನ್ನ ಐದು ನೂರು ವರ್ಷ ಉಳಿಸ್ಕೊಂಡು ಬಂದ ಜನ ಏನನ್ನ ಮೆಚ್ಚಿದಾರೆ ಅಂತ ನೋಡಿ. ಹುಡುಗ ಶ್ಲೋಕ ಹೇಳಿ ಗೆದ್ದಿಲ್ಲ. ದನ, ಹೊತ್ತು, ದಾರಿ ಇವನ್ನೇ ತೋರಿಸಿ ತರ್ಕ ಮಾಡಿದಾನೆ. ದಾಸರ ಹಾಡುಗಳು ಕೆಲಸ ಮಾಡೋದೂ ಹೀಗೇ. ಕಲ್ಲುಸಕ್ಕರೆ, ರಾಗಿ, ಡೊಂಕು ಬಾಲದ ನಾಯಿ, ಎಲ್ಲಾ ಅಲ್ಲಿ ತತ್ವ ಆಗತ್ತೆ.

ಪೂಜೆ ಹೊತ್ತಿಗೆ ಕನ್ನಡ

ಶ್ರೀಪಾದರಾಜರು ‘ವಾಗ್ವಜ್ರ’ ಅನ್ನೋ ಸಂಸ್ಕೃತ ಶಾಸ್ತ್ರಗ್ರಂಥ ಬರೆದವರು. ಪಾಂಡಿತ್ಯಕ್ಕೆ ಬೇರೆ ಸರ್ಟಿಫಿಕೇಟ್ ಬೇಕಿರಲಿಲ್ಲ. ಅವರೇ ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಕೀರ್ತನೆ, ಸುಳಾದಿ, ಉಗಾಭೋಗ ರಚಿಸಿದ್ರು. ಗೋಪಿಯರ ವಿರಹದ ‘ಭ್ರಮರಗೀತ’, ‘ವೇಣುಗೀತ’ ಅವರದ್ದೇ. ಮಠದ ಪೂಜೆ ಹೊತ್ತಲ್ಲಿ ಸಂಸ್ಕೃತದ ಜೊತೆ ಕನ್ನಡ ಹಾಡನ್ನೂ ಹಾಡಿಸೋ ಪದ್ಧತಿ ತಂದಿದ್ದು ಇವರೇ ಅಂತ ಸಂಪ್ರದಾಯ ನೆನೆಯತ್ತೆ.

ಇದು ಸಣ್ಣ ವಿಷಯ ಅಲ್ಲ. ಒಂದು ಭಾಷೆ ಮನೇಲಿ, ಹೊಲದಲ್ಲಿ, ಸಂತೇಲಿ ಇರೋದು ಬೇರೆ. ಗರ್ಭಗುಡಿ ಮುಂದೆ ಮಂತ್ರದ ಪಕ್ಕ ನಿಲ್ಲೋದು ಬೇರೆ. ಸಂಸ್ಕೃತ ಬಾರದವರು ಯಾರಾದ್ರೂ ಇದನ್ನ ಮಾಡಿದ್ರೆ, ಪಾಪ ಅವರಿಗೆ ಬರೋದೇ ಇಷ್ಟು ಅಂತ ಪಂಡಿತರು ಮೂಲೆಗೆ ತಳ್ಳಿರೋರು. ಮಾಡಿದವರು ಅದೇ ಪಂಡಿತರ ಸಾಲಲ್ಲಿ ಮುಂದೆ ಕೂರೋರು. ಹಾಗಾಗಿ ತಳ್ಳಿಹಾಕೋಕೆ ಆಗಲಿಲ್ಲ. ಹೋಗೋದಾದ್ರೆ ಪ್ರತಿಷ್ಠೆ ಅವರದ್ದೇ ಹೋಗ್ತಿತ್ತು. ಅದನ್ನ ಪಣಕ್ಕಿಟ್ಟು ಕನ್ನಡಕ್ಕೆ ಜಾಗ ಮಾಡಿಕೊಟ್ಟರು. ಇವತ್ತಿನ ನನ್ನ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ ಅನ್ಸತ್ತೆ.

ಯತಿರಾಜ ಅನ್ನೋ ಹುಡುಗ

ಎರಡನೇ ಹುಡುಗ ಬನ್ನೂರಿನವನು, ಹೆಸರು ಯತಿರಾಜ. ತಂದೆತಾಯಿ ಇವನನ್ನ ಅಬ್ಬೂರಿನ ಬ್ರಹ್ಮಣ್ಯತೀರ್ಥರಿಗೆ ಒಪ್ಪಿಸಿದ್ರು. ಅಲ್ಲೇ ಸನ್ಯಾಸ ಆಗಿ ವ್ಯಾಸತೀರ್ಥ ಅಂತ ಹೆಸರಾಯ್ತು. ಗುರು ತೀರಿಕೊಂಡ ಮೇಲೆ ಕಂಚಿಗೆ ಹೋಗಿ ಓದಿ, ಆಮೇಲೆ ಮುಳಬಾಗಿಲಿಗೆ ಬಂದು ಶ್ರೀಪಾದರಾಜರ ಹತ್ತಿರ ಕಲಿತ್ರು. ಅಂದ್ರೆ ಅಬ್ಬೂರಿಂದ ಹೊರಟ ಇಬ್ಬರು ಮುಳಬಾಗಿಲಲ್ಲಿ ಗುರುಶಿಷ್ಯರಾಗಿ ಸೇರಿದ್ರು.

ಇಲ್ಲಿಂದ ನಮಗೆ ಎರಡನೇ ಖಾತೆ ತೆರೆಯತ್ತೆ. ಅದೇ ಕಾಲದ ಸೋಮನಾಥ ಅನ್ನೋ ಕವಿ ‘ವ್ಯಾಸಯೋಗಿಚರಿತ’ ಅಂತ ಸಂಸ್ಕೃತದಲ್ಲಿ ಇವರ ಜೀವನ ಬರೆದಿದಾನೆ. ಅದು 1926ರಲ್ಲಿ ಬೆಂಗಳೂರಲ್ಲಿ ಅಚ್ಚಾಯ್ತು. ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಸ್ಥಾನ, ಆಮೇಲೆ ವಿಜಯನಗರ, ಕೃಷ್ಣದೇವರಾಯನ ಗೌರವ, ಎಲ್ಲಾ ಅಲ್ಲಿ ಬರತ್ತೆ. ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಬರೆದ ಈ ತಾರ್ಕಿಕರು ‘ಶ್ರೀಕೃಷ್ಣ’ ಅಂಕಿತದಲ್ಲಿ ಕನ್ನಡ ಹಾಡನ್ನೂ ಬರೆದ್ರು.

ಈಗ ನನಗೆ ಬಹಳ ಇಷ್ಟವಾದ ವೋಚರ್. ಶಕ 1447, ಅಂದ್ರೆ 1526ರ ಕಮಲಾಪುರದ ತಾಮ್ರಶಾಸನ. ಕೃಷ್ಣದೇವರಾಯ ವ್ಯಾಸತೀರ್ಥರಿಗೆ ಬೆಟ್ಟಕೊಂಡ ಅನ್ನೋ ಊರು ಕೊಟ್ಟಿದಾನೆ. ಅಲ್ಲಿನ ದೊಡ್ಡ ಕೆರೆ ವ್ಯಾಸಸಮುದ್ರ. ಆ ದಾನದಲ್ಲಿ ಪಾಲು ಪಡೆದವರ ಪಟ್ಟಿಯಲ್ಲಿ ಪುರಂದರದಾಸರ ಮಕ್ಕಳ ಹೆಸರಿದೆ! ಮೂಗುತಿ ಕಥೆಯಲ್ಲಿ ಮಾತ್ರ ನಾವು ಕಂಡಿದ್ದ ದಾಸರ ಮನೆಯವರು ಇಲ್ಲಿ ತಾಮ್ರದ ಮೇಲೆ, ಪಾಲುದಾರರಾಗಿ ಸಿಗ್ತಾರೆ. ಗುರುಶಿಷ್ಯ ಸಂಬಂಧ ಬರೀ ಕಥೆ ಅಲ್ಲ, ಜಮೀನಿನ ಲೆಕ್ಕದಲ್ಲೂ ಅದರ ನೆರಳು ಬಿದ್ದಿದೆ.

ಎರಡು ಕೂಟ, ಒಂದು ಬಾಗಿಲು

ವ್ಯಾಸರಾಯರ ಸುತ್ತ ಎರಡು ಗುಂಪು ಬೆಳೆದವು. ಶಾಸ್ತ್ರ ಓದೋರದ್ದು ವ್ಯಾಸಕೂಟ. ಹಾಡೋರದ್ದು ದಾಸಕೂಟ. ಪುರಂದರದಾಸರು ಮೊದಲು ವ್ಯಾಪಾರಿ. ಕರ್ನಾಟಕ ಸಂಗೀತ ಕಲಿಯೋಕೆ ಶುರು ಮಾಡೋರು ಇವತ್ತಿಗೂ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಹಾಡ್ತಾರಲ್ಲ, ಆ ಪಾಠಕ್ರಮ ಹಾಕಿದ್ದು ಅವರೇ ಅಂತ ಸಂಗೀತ ಪರಂಪರೆ ಅವರನ್ನ ಪಿತಾಮಹ ಅನ್ನತ್ತೆ.

ಕನಕದಾಸರ ವಿಷಯದಲ್ಲಿ ಈ ಕೂಟದ ನಿಜವಾದ ಪರೀಕ್ಷೆ ಆಯ್ತು. ಕುರುಬ ಸಮುದಾಯದ ನಾಯಕ ಮಠದೊಳಗೆ ಶಿಷ್ಯನಾದಾಗ ಪಂಡಿತರಿಗೆ ಸಹಿಸೋಕೆ ಆಗಲಿಲ್ಲ, ವ್ಯಾಸರಾಯರು ಅವರ ಪರ ನಿಂತ್ರು ಅಂತ ಬಾಳೆಹಣ್ಣಿನ ಕಥೆ ಹೇಳತ್ತೆ. ಇದೂ ಮೂರನೇ ಖಾತೆಯದ್ದೇ. ಆದರೂ ಒಂದು ಮಾತು ಮುಚ್ಚಿಡಬಾರದು. ಹಾಡು ಎಲ್ಲರಿಗೂ ಸಿಕ್ತು, ಮಠದ ಪೀಠ ಎಲ್ಲರಿಗೂ ಸಿಗಲಿಲ್ಲ. ಭಾಷೆ ಬಾಗಿಲು ತೆಗೀತು, ಜಾತಿ ಅಷ್ಟು ಬೇಗ ತೆಗೀಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದ್ರೇನೇ ಇತಿಹಾಸ ಪೂರ್ತಿ.

1539ರಲ್ಲಿ ವ್ಯಾಸರಾಯರು, 1564ರಲ್ಲಿ ಪುರಂದರದಾಸರು ತೀರಿಕೊಂಡ್ರು. 1565ರಲ್ಲಿ ರಕ್ಕಸತಂಗಡಿ ಯುದ್ಧ ಆಗಿ ವಿಜಯನಗರ ಹಾಳಾಯ್ತು. ಪರಂಪರೆ ಮತ್ತೆ ಜೋರಾಗಿದ್ದು 18ನೇ ಶತಮಾನದಲ್ಲಿ, ರಾಯಚೂರು ಕಡೆ, ವಿಜಯದಾಸರು ಮತ್ತು ಅವರ ಶಿಷ್ಯರಿಂದ.

ಇಲ್ಲಿ ಏನು ಉಳಿದಿದೆ

ಚನ್ನಪಟ್ಟಣದ ಪಕ್ಕ ದೊಡ್ಡಮಳೂರಲ್ಲಿ ಅಪ್ರಮೇಯಸ್ವಾಮಿ ದೇವಸ್ಥಾನ ಇದೆ. ಈ ಸುತ್ತಮುತ್ತ ಚೋಳರ ಕಾಲದ ತಮಿಳು ಶಾಸನಗಳು ಸಿಕ್ಕಿವೆ. ಅಂದ್ರೆ ವ್ಯಾಸರಾಯರಿಗೆ ಸುಮಾರು ನಾಲ್ಕೈದು ನೂರು ವರ್ಷ ಮೊದಲೇ ಇದು ದೇವಸ್ಥಾನಗಳ ಸೀಮೆ. ಒಳಗೆ ಕೈಯಲ್ಲಿ ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣ. ಮಕ್ಕಳಾಗಲಿ ಅಂತ ಬರೋರು ತೊಟ್ಟಿಲು ಹರಕೆ ಒಪ್ಪಿಸ್ತಾರೆ. ಯಶೋದೆ ಜಗದೊಡೆಯನನ್ನ ಮಗು ಅಂತ ಆಡಿಸಿದ ಆ ಪ್ರಸಿದ್ಧ ಹಾಡನ್ನ ಪುರಂದರದಾಸರು ಇಲ್ಲೇ ಕಟ್ಟಿದ್ದು ಅಂತ ಊರು ಹೇಳತ್ತೆ. ಮೂರನೇ ಖಾತೆ, ಆದರೆ ಎಷ್ಟು ಚೆನ್ನಾಗಿದೆ!

ಇನ್ನೊಂದು ದಾಸರೂ ಇದಾರೆ. ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ‘ದಾಸಯ್ಯ’ ಅಂದ್ರೆ ಮಠದವರು ನೆನಪಾಗಲ್ಲ. ಹಣೆಗೆ ನಾಮ, ಕೈಯಲ್ಲಿ ಶಂಖ, ಜಾಗಟೆ, ಭವನಾಸಿ ಹಿಡಿದು ಹರಿಸೇವೆಗೆ ಬರೋರು ನೆನಪಾಗ್ತಾರೆ. ಮಾಗಡಿ ರಂಗನಾಥನೋ ತಿರುಪತಿ ವೆಂಕಟರಮಣನೋ ಅವರ ದೇವರು. ಇವರ ಬೇರು ಬೇರೆ ಕಡೆ ಇದೆ, ಶ್ರೀವೈಷ್ಣವದ ಕಡೆ. ಶಾಸ್ತ್ರಗ್ರಂಥದಲ್ಲಿ ಇವರ ಹೆಸರಿಲ್ಲ. ಆದರೆ ಊರೊಳಗೆ, ಹಟ್ಟಿಯೊಳಗೆ ಹರಿಯ ಹೆಸರನ್ನ ತಗೊಂಡು ಹೋದ ಕೆಲಸದಲ್ಲಿ ಇವರ ಪಾಲು ದೊಡ್ಡದು. ‘ದಾಸ’ ಅನ್ನೋ ಒಂದೇ ಪದದಡಿ ಎರಡು ಹೊಳೆ ಹರಿದಿವೆ ಅನ್ನೋದು ನೆನಪಿರಲಿ.

ಯಾಕೆ ಹೇಳಿದೆ ಅಂದ್ರೆ

2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನ ನಿಧಿ ಆಸೆಗೆ ಒಡೆದುಹಾಕಿದ್ರು. ಭಕ್ತರು ಸೇರಿ ಕೂಡಲೇ ಮತ್ತೆ ಕಟ್ಟಿದ್ರು. ಆ ಸುದ್ದಿ ಓದಿದಾಗ ನನಗೆ ಅನ್ಸಿದ್ದು, ಅವರು ಬಿಟ್ಟುಹೋದ ನಿಧಿ ಯಾವುದು ಅಂತ ಕಳ್ಳರಿಗೂ ಗೊತ್ತಿರಲಿಲ್ಲ, ನಮ್ಮಲ್ಲಿ ಬಹಳ ಜನಕ್ಕೂ ಗೊತ್ತಿಲ್ಲ.

ಇವತ್ತು ನಾವೂ ಹೆಚ್ಚುಕಡಿಮೆ ಅದೇ ಆಯ್ಕೆ ಮುಂದೆ ನಿಂತಿದೀವಿ. ಓದೋದು, ದುಡಿಯೋದು ಒಂದು ದೊಡ್ಡ ಭಾಷೆಯಲ್ಲಿ. ಅಳೋದು, ನಗೋದು ಕನ್ನಡದಲ್ಲಿ. ದೊಡ್ಡ ಭಾಷೆ ಚೆನ್ನಾಗಿ ಬರೋರೇ ಮುಖ್ಯವಾದ ವಿಷಯವನ್ನ ಕನ್ನಡದಲ್ಲಿ ಹೇಳದೇ ಇದ್ರೆ, ಕನ್ನಡ ಬರೀ ಮನೆಮಾತಾಗಿ ಉಳಿಯತ್ತೆ. ಅಬ್ಬೂರಲ್ಲಿ ಬೆಳೆದ ಆ ಇಬ್ಬರು ಸಂಸ್ಕೃತ ಬಿಡಲಿಲ್ಲ, ಅದರಲ್ಲಿ ಮೇಲಕ್ಕೆ ಹೋಗಿ ನಿಂತು, ಅದೇ ವಿಷಯವನ್ನ ಕನ್ನಡದಲ್ಲೂ ಹೇಳಿದ್ರು. ಪ್ರಶ್ನೆಯ ಉಳಿದರ್ಧ ಉತ್ತರ ನನಗೆ ಕಂಡಂತೆ ಇದು.

ನಿಮ್ಮೂರಲ್ಲೂ ಹರಿಸೇವೆ, ಭಜನೆ, ದಾಸಯ್ಯನ ಹಾಡು ಇದ್ರೆ ಫೋನ್‌ನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಹಾಡಿದವರ ಹತ್ತಿರ, ಯಾರಿಂದ ಕಲಿತ್ರಿ ಅಂತ ಒಂದು ಮಾತು ಕೇಳಿ. ಮುಂದೆ ಯಾರೋ ವೋಚರ್ ಹುಡುಕೋವಾಗ ಅದು ಸಿಗಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.