ಬಾವುಟಗುಡ್ಡೆಯ ಬಣ್ಣಗಾರ: ಬ್ರದರ್ ಮೊಸ್ಕೆನಿ

ಆಂತೋನಿಯೊ ಮೊಸ್ಕೆನಿ ಹುಟ್ಟಿದ್ದು 1854ರ ಜನವರಿ 17ರಂದು, ಉತ್ತರ ಇಟಲಿಯ ಬೆರ್ಗಾಮೊ ನಗರಕ್ಕೆ ಹತ್ತಿರದ ಸ್ತೆಜಾನೊ ಎಂಬ ಹಳ್ಳಿಯಲ್ಲಿ. ಚಿತ್ರವಿದ್ಯೆಯನ್ನು ಕ್ರಮವಾಗಿ ಕಲಿತದ್ದು ಬೆರ್ಗಾಮೊದ ಹೆಸರಾಂತ ಅಕಾಡೆಮಿಯಾ ಕರ್ರಾರಾದಲ್ಲಿ. ರೋಮಿಗೂ ಹೋಗಿ ಹಳೆಯ ಗುರುಗಳ ಕೃತಿಗಳನ್ನು ಕಣ್ಣಾರೆ ಕಂಡು ಅಭ್ಯಾಸ ಮಾಡಿದರು. ಕಲಾವಿದನಾಗಿ ಒಂದು ನೆಲೆ ಸಿಕ್ಕುವ ಹೊತ್ತಿಗೆ, 1889ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ಯೇಸುಸಭೆ, ಅಂದರೆ ಜೆಸ್ವಿಟರ ಸಂಘ, ಸೇರಿದರು. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಜೆಸ್ವಿಟರಲ್ಲಿ ಬ್ರದರ್ ಎಂದರೆ ವ್ರತ ತೊಟ್ಟವನು, ಆದರೆ ಪೂಜೆ ಅರ್ಪಿಸುವವನಲ್ಲ. ಅಡುಗೆ, ಮರಗೆಲಸ, ಕಟ್ಟಡ, ತೋಟ ಎಂದು ಕೈಗೆಲಸದಿಂದ ಮಠದ ಸೇವೆ ಮಾಡುವವನು. ಮೊಸ್ಕೆನಿಯವರ ಪಾಲಿಗೆ ಬಂದ ಕೈಗೆಲಸ ಕುಂಚದ್ದು. ಪಿಯಾಚೆಂಜಾ, ಮೋದೆನಾ ನಗರಗಳಲ್ಲಿಯೂ ಏಡ್ರಿಯಾಟಿಕ್ ಕಡಲಿನಾಚೆ ಕ್ರೊಯೇಷಿಯಾ, ಅಲ್ಬೇನಿಯಾಗಳಲ್ಲಿಯೂ ಇಗರ್ಜಿಗಳಿಗೆ ಚಿತ್ರ ಬರೆದರು. ಹೀಗೆ ಊರಿಂದೂರಿಗೆ ಹೋಗಿ ಗೋಡೆ ತುಂಬುವ ಬದುಕೇ ಅವರನ್ನು 1898ರಲ್ಲಿ ಮಂಗಳೂರಿಗೆ ಕರೆತಂದಿತು.

ಆಗ ಮಂಗಳೂರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ರೈಲು ಇನ್ನೂ ಬಂದಿರಲಿಲ್ಲ. ಅದು ತಲಪಿದ್ದು 1907ರಲ್ಲಿ. ಹೊರಗಿನ ಜನ, ಸರಕು ಬರುತ್ತಿದ್ದುದು ಹೆಚ್ಚಾಗಿ ಕಡಲ ದಾರಿಯಲ್ಲಿಯೇ. ಇಟಲಿಯ ಜೆಸ್ವಿಟರು ಇಲ್ಲಿ ಕಾಲಿಟ್ಟು ಇಪ್ಪತ್ತು ವರ್ಷವಾಗಿತ್ತು. 1878ರಲ್ಲಿ ಪೋಪ್ ಹದಿಮೂರನೆಯ ಲಿಯೊ ಮಂಗಳೂರು ಮಿಷನ್ನನ್ನು ಅವರಿಗೆ ಒಪ್ಪಿಸಿದ್ದರು. ಅದೇ ವರ್ಷದ ಕೊನೆಯ ದಿನ ಅವರ ಮೊದಲ ತಂಡ ಬಂದಿಳಿದಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ವರ್ಷ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದರು. ಊರಿನಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಮಿಷನ್ನಿನವರೂ ಇದ್ದರು. ಅವರ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಾಕಿದ ಹಂಚಿನ ಕಾರ್ಖಾನೆ ಮಂಗಳೂರು ಹಂಚನ್ನು ಸಮುದ್ರದಾಚೆಗೂ ಒಯ್ದಿತು. ಸುಮಾರು ಅರ್ಧ ಶತಮಾನದ ಕಾಲ ಈ ಪಟ್ಟಣದ ಮೇಲುನೋಟವನ್ನು ರೂಪಿಸಿದವರಲ್ಲಿ ಹೊರನಾಡಿಗರ ಪಾಲು ದೊಡ್ಡದು. ಒಬ್ಬರು ಸೂರು ಕೊಟ್ಟರು, ಒಬ್ಬರು ಗೋಡೆ ಎಬ್ಬಿಸಿದರು, ಮೊಸ್ಕೆನಿ ಆ ಗೋಡೆಗೆ ಬಣ್ಣ ತುಂಬಿದರು.

ಕಾಲೇಜು ಇರುವ ಬಾವುಟಗುಡ್ಡೆಯನ್ನು ಇಂಗ್ಲಿಷ್ ದಾಖಲೆಗಳಲ್ಲಿ ಈದ್ಗಾ ಗುಡ್ಡ ಎಂದೂ ಕರೆದದ್ದುಂಟು; ಗುಡ್ಡದ ಮೇಲಿನ ಈದ್ಗಾ ಟಿಪ್ಪುವಿನ ಕಾಲದ್ದು ಎಂದು ಪ್ರತೀತಿ. ಕಾಲೇಜಿನ ಚಾಪೆಲ್ 1880ರ ದಶಕದಲ್ಲಿ ಎದ್ದದ್ದು, ಜೆಸ್ವಿಟ್ ಫಾದರ್ ಜೋಸೆಫ್ ವಿಲ್ಲಿಯವರ ಕಾಲದಲ್ಲಿ. ಕಟ್ಟಡವಾಗಿ ನೋಡಿದರೆ ಅದರಲ್ಲಿ ಬೆರಗಿನದೇನೂ ಇಲ್ಲ. ಉದ್ದನೆಯ ಒಂದೇ ಸಾಲೆ, ಎರಡೂ ಮಗ್ಗುಲಲ್ಲಿ ಕಮಾನುಗಳು, ಮೇಲೆ ಹಂಚು. ಹೊರಗಿನಿಂದ ಸಾಗಿಹೋಗುವವನು ಅದನ್ನು ಕಾಲೇಜಿನ ಇನ್ನೊಂದು ಕೋಣೆ ಎಂದುಕೊಂಡರೆ ತಪ್ಪಿಲ್ಲ. ಒಳಗೆ ಮಾತ್ರ ಬರಿಗೋಡೆ ಹುಡುಕಬೇಕು. 1899ರಿಂದ 1901ರ ನಡುವೆ, ಹೆಚ್ಚುಕಡಿಮೆ ಎರಡೂವರೆ ವರ್ಷದಲ್ಲಿ, ಮೊಸ್ಕೆನಿ ಅದನ್ನು ನೆತ್ತಿಯಿಂದ ಕಮಾನಿನ ಬುಡದವರೆಗೆ ಚಿತ್ರಿಸಿದರು. ಚಿತ್ರಗಳ ವಿಸ್ತಾರ 600 ಚದರ ಮೀಟರಿಗೂ ಮಿಕ್ಕಿದೆ.

ಚಾವಣಿಯ ನಡುಸಾಲಿನಲ್ಲಿರುವುದು ಚಾಪೆಲಿನ ಒಡೆಯ ಅಲೋಶಿಯಸ್ ಗೊಂಜಾಗನ ಬದುಕು. ಲೊಂಬಾರ್ಡಿಯ ಒಬ್ಬ ಸಿರಿವಂತ ಪ್ರಭುವಿನ ಹಿರಿಯ ಮಗ. ಪಟ್ಟವನ್ನು ತಮ್ಮನಿಗೆ ಬಿಟ್ಟು ಜೆಸ್ವಿಟನಾದವನು. 1591ರಲ್ಲಿ ರೋಮಿನ ಪ್ಲೇಗು ರೋಗಿಗಳ ಆರೈಕೆಗೆ ನಿಂತು ಅದೇ ರೋಗಕ್ಕೆ ಇಪ್ಪತ್ತಮೂರರ ಹರೆಯದಲ್ಲಿ ಬಲಿಯಾದವನು. ಚಿತ್ರಕಾರನೂ ಲೊಂಬಾರ್ಡಿಯವನೇ, ತನ್ನ ಸೀಮೆಯ ಸಂತನನ್ನು ಕಡಲಾಚೆ ಬರೆದಂತಾಯಿತು. ಚಿತ್ರದಲ್ಲಿನ ಸೋಂಕಿನ ಕಥೆ ಆ ಕಾಲದ ಮಂಗಳೂರಿಗರಿಗೆ ದೂರದ್ದಾಗಿರಲಿಲ್ಲ. 1896ರಿಂದ ಮುಂಬಯಿಯನ್ನು ಪ್ಲೇಗು ಕಾಡುತ್ತಿತ್ತು, 1902ರ ಹೊತ್ತಿಗೆ ಇಲ್ಲಿಯೂ ಮುಲ್ಲರರು ಪ್ಲೇಗಿನವರಿಗಾಗಿ ಆಸ್ಪತ್ರೆ ತೆರೆಯಬೇಕಾಯಿತು. ನಡುಸಾಲಿನ ಎರಡು ಪಕ್ಕದ ಇಳಿಜಾರಿನಲ್ಲಿ ಯೇಸುವಿನ ಶಿಷ್ಯರು, ಅವರ ಕೆಳಗೆ ದೇವದೂತರು ಹಿಡಿದ ಹೂಮಾಲೆಗಳ ನಡುವೆ ಸಂತರು, ಕಮಾನುಗಳ ಮೇಲೆ ಜೆಸ್ವಿಟ್ ಸಂತರು. ಹಿಂಬದಿಯ ಗೋಡೆಯಲ್ಲಿ ಯೇಸುವಿನ ಜೀವನದ ಪ್ರಸಂಗಗಳಿವೆ. ಮಕ್ಕಳ ನಡುವೆ ಕುಳಿತ ಯೇಸು ಅಲ್ಲಿದ್ದಾನೆ. ಕಾಲೇಜಿನ ಚಾಪೆಲಿಗೆ ಅದು ಒಪ್ಪುವ ಆಯ್ಕೆ.

ಗೋಡೆಯ ಚಿತ್ರಗಳು ಫ್ರೆಸ್ಕೊ, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಫ್ರೆಸ್ಕೊದ ಗುಟ್ಟು ಹಸಿ ಗಾರೆಯಲ್ಲಿದೆ. ಅರಳಿಸಿ ಕೊಳೆಸಿದ ಸುಣ್ಣಕ್ಕೆ ಮರಳು ಬೆರೆಸಿ ಆ ದಿನ ಬರೆಯಲು ಆಗುವಷ್ಟು ಭಾಗಕ್ಕೆ ಮಾತ್ರ ಗಿಲಾವು ಮಾಡಬೇಕು. ಅದು ಒಣಗುವ ಮೊದಲು ನೀರಿನಲ್ಲಿ ಕದಡಿದ ಬಣ್ಣವನ್ನು ಹಚ್ಚಿ ಮುಗಿಸಬೇಕು. ಅಂಟು, ಎಣ್ಣೆ ಯಾವುದೂ ಬೇಡ. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ತಪ್ಪಿದರೆ ಒರೆಸಿ ತಿದ್ದುವಂತಿಲ್ಲ, ಆ ತುಂಡನ್ನು ಕೆತ್ತಿ ತೆಗೆದು ಮೊದಲಿನಿಂದ ಮಾಡಬೇಕು. ಸುಣ್ಣದ ಕ್ಷಾರಕ್ಕೆ ನಿಲ್ಲುವ ಬಣ್ಣಗಳೂ ಕಡಿಮೆ. ಮಣ್ಣಿನವು, ಖನಿಜದವು ಅಷ್ಟೇ.

ಇಟಲಿಯ ಒಣ ಬೇಸಿಗೆಗೆ ಹೇಳಿಮಾಡಿಸಿದ ಈ ವಿದ್ಯೆಗೆ ಮಂಗಳೂರು ಕಠಿಣ ಊರು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಇಲ್ಲಿನ ಮುರಕಲ್ಲು ನೀರು ಹೀರುವ ಕಲ್ಲು. ಒಂದು ಹಂಚು ಜಾರಿದರೂ ಸಾಕು, ಗೋಡೆಯ ಒಡಲು ತೇವ ಕುಡಿಯುತ್ತದೆ, ಉಪ್ಪು ಹೊರಗೆ ಅರಳಿ ಬಣ್ಣವನ್ನು ಎಬ್ಬಿಸುತ್ತದೆ. ಆದರೆ ಹಸಿ ಸುಣ್ಣದ ಮೇಲೆ ಚಿತ್ರ ಮಾಡುವುದು ಕರಾವಳಿಗೆ ಹೊಸದಲ್ಲ. ಗೋವೆಯಿಂದ ಇತ್ತ ಉತ್ತರ ಕನ್ನಡದವರೆಗಿನ ದೇವಸ್ಥಾನಗಳಲ್ಲಿ ಕಾಣುವ ಕಾವಿ ಕಲೆಯದೂ ಅದೇ ತತ್ತ್ವ: ಬಿಳಿ ಸುಣ್ಣದ ಗಿಲಾವಿನ ಮೇಲೆ ಕಾವಿಮಣ್ಣಿನ ಕೆಂಪು ಪದರ ಹಚ್ಚಿ, ಒಣಗುವ ಮೊದಲೇ ಕೊರೆದು ಒಳಗಿನ ಬಿಳಿಯನ್ನು ತೋರಿಸುವುದು. ಕಾವಿಯದು ಎರಡೇ ಬಣ್ಣದ ಸಂಯಮ, ಮೊಸ್ಕೆನಿಯದು ನೆರಳುಬೆಳಕಿನ ತುಂಬುಗೈ.

ಈ ಚಾಪೆಲನ್ನು ರೋಮಿನ ಸಿಸ್ಟೀನ್ ಚಾಪೆಲಿಗೆ ಹೋಲಿಸುವ ರೂಢಿ ಊರಲ್ಲಿದೆ. ಪ್ರವಾಸಿ ಕೈಪಿಡಿಗೆ ಅದು ಚೆಂದ, ಚಿತ್ರಗಳಿಗೆ ಅಷ್ಟು ಹೊಂದುವುದಿಲ್ಲ. ಮೈಕೆಲಾಂಜೆಲೊ ಮೈಕಟ್ಟಿನಲ್ಲಿ ಕಥೆ ಹೇಳುವವನು. ಮೊಸ್ಕೆನಿಯ ಬಲ ಇರುವುದು ಬಟ್ಟೆಯ ನೆರಿಗೆ, ಹೂಬಳ್ಳಿ, ಮೆದು ಮುಖಭಾವ, ಒಂದು ಇಂಚೂ ಖಾಲಿ ಬಿಡದ ಅಲಂಕಾರದಲ್ಲಿ. ಹತ್ತೊಂಬತ್ತನೆಯ ಶತಮಾನದ ಇಟಲಿಯ ಇಗರ್ಜಿ ಚಿತ್ರಗಳ ಪೈಕಿ ಇಟ್ಟು ನೋಡಿದಾಗಲೇ ಅವರ ಕಸುಬಿನ ಎತ್ತರ ತಿಳಿಯುತ್ತದೆ.

ಕಾಲೇಜಿನ ಕೆಲಸ ಅವರನ್ನು ಹೆಸರುವಾಸಿ ಮಾಡಿತು. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯ ಇಗರ್ಜಿಗೆ ಚಿತ್ರ ಬರೆದರು. ಮುಂಬಯಿಯ ಕೊಲಾಬಾ ಭಾಗದಲ್ಲಿ ಹೊಸದಾಗಿ ಏಳುತ್ತಿದ್ದ ಹೋಲಿ ನೇಮ್ ಕೆಥೆಡ್ರಲಿನ ಗೋಡೆಗಳೂ ಅವರ ಪಾಲಿಗೆ ಬಂದವು. ಕೊನೆಯದು ಕೊಚ್ಚಿಯ ಸಾಂತಾ ಕ್ರೂಜ್. ಪೋರ್ಚುಗೀಸರ ಹಳೆಯ ಕೆಥೆಡ್ರಲನ್ನು 1795ರಲ್ಲಿ ಕೊಚ್ಚಿ ಹಿಡಿದ ಬ್ರಿಟಿಷರು ಕೆಡವಿದ್ದರು. ಅದಕ್ಕೆ ಬದಲಾಗಿ ಎದ್ದ ಹೊಸ ಕಟ್ಟಡದ ಒಳಗನ್ನು ಚಿತ್ರಿಸಲು ಮೊಸ್ಕೆನಿ ಹೋದರು. ಜೊತೆಗಿದ್ದವರು ಮಂಗಳೂರಿನಲ್ಲಿ ಅವರ ಕೈಕೆಳಗೆ ಪಳಗಿದ ಡಿ ಗಾಮ ಎಂಬ ಶಿಷ್ಯ. ಲಿಯೊನಾರ್ಡೊನ ಕೊನೆಯ ಭೋಜನವನ್ನು ಮಾದರಿಯಾಗಿಟ್ಟುಕೊಂಡ ಚಿತ್ರವೂ ಅಲ್ಲಿದೆ. 1905ರ ನವೆಂಬರ್ 15ರಂದು ಮೊಸ್ಕೆನಿ ಕೊಚ್ಚಿಯಲ್ಲಿಯೇ ತೀರಿಕೊಂಡರು, ಐವತ್ತೊಂದನೆಯ ವಯಸ್ಸಿನಲ್ಲಿ. ಕೆಥೆಡ್ರಲಿನ ಪ್ರತಿಷ್ಠೆ ನಡೆದದ್ದು ನಾಲ್ಕು ದಿನದ ನಂತರ, ನವೆಂಬರ್ 19ಕ್ಕೆ. ಭಾರತದಲ್ಲಿ ಅವರು ಕಳೆದದ್ದು ಏಳೇ ವರ್ಷ.

ಮಂಗಳೂರಿನಲ್ಲಿ ಇಟಲಿಯ ಕೈ ಅಲ್ಲಿಗೇ ನಿಲ್ಲಲಿಲ್ಲ. ಗುಮ್ಮಟ ಹೊತ್ತ ಇಂದಿನ ರೊಸಾರಿಯೊ ಕೆಥೆಡ್ರಲಿನ ನಕ್ಷೆ ಇನ್ನೊಬ್ಬ ಜೆಸ್ವಿಟ್, ಫಾದರ್ ದಿಯಾಮಂತಿಯವರದು. ಚಾಪೆಲಿನ ಚಿತ್ರಗಳು ಮಾತ್ರ ತೊಂಬತ್ತು ಮಳೆಗಾಲಗಳನ್ನು ಕಂಡು ಮಂಕಾದವು. 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಶುಚಿಗೊಳಿಸಿ, ಸಡಿಲಗೊಂಡ ಗಾರೆಯನ್ನು ಬಿಗಿಗೊಳಿಸಿದರು. ಕೆಲಸಕ್ಕೆ ನೂರು ತುಂಬಿದ 2001ರಲ್ಲಿ ಭಾರತೀಯ ಅಂಚೆ ಇಲಾಖೆ ಈ ಚಿತ್ರಗಳ ಅಂಚೆಚೀಟಿ ಹೊರತಂದಿತು. ಚಾಪೆಲಿನಲ್ಲಿ ಈಗಲೂ ಪೂಜೆ ನಡೆಯುತ್ತದೆ. ನೋಡಲು ಯಾರು ಬೇಕಾದರೂ ಹೋಗಬಹುದು, ಒಳಗೆ ಫೋಟೋ ತೆಗೆಯುವಂತಿಲ್ಲ.