ಬೂದಿಯ ಕೆಳಗೂ ಮೇಲೂ ಅವೇ ಕಲ್ಲುಗಳು

ಬಂಗನಪಲ್ಲಿ ಎಂದರೆ ನಮಗೆಲ್ಲ ನೆನಪಾಗುವುದು ಮಾವಿನ ಹಣ್ಣು. ಪುರಾತತ್ವಜ್ಞರಿಗೆ ನೆನಪಾಗುವುದು ಬೂದಿ. ಆಂಧ್ರಪ್ರದೇಶದ ಹಿಂದಿನ ಕರ್ನೂಲು ಜಿಲ್ಲೆಯ (2022ರಿಂದ ನಂದ್ಯಾಲ ಜಿಲ್ಲೆ) ಈ ಊರಿನ ಸುತ್ತಿನಲ್ಲಿ ಜುರ್ರೇರು ಎಂಬ ಸಣ್ಣ ಹೊಳೆಯ ಕಣಿವೆಯಿದೆ. ಅಲ್ಲಿನ ಜ್ವಾಲಾಪುರದಲ್ಲಿ ನೆಲ ಅಗೆದರೆ ಹಿಟ್ಟಿನಷ್ಟು ನಯವಾದ ಬಿಳಿ ಬೂದಿ ಸಿಗುತ್ತದೆ. ಕೆಲವು ಕಡೆ ಅದು ಆಳೆತ್ತರಕ್ಕಿಂತಲೂ ದಪ್ಪ. ಹತ್ತಿರದಲ್ಲಿ ಬೆಂಕಿ ಉಗುಳುವ ಬೆಟ್ಟ ಒಂದೂ ಇಲ್ಲ. ಊರಿನ ಹೆಸರಿನಲ್ಲೇ ಜ್ವಾಲೆ ಇದೆಯಲ್ಲ ಎನ್ನಬೇಡಿ; ಬೂದಿ ಬಂದದ್ದು ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆಯಿಂದ, ಇಂಡೊನೇಷ್ಯದ ಸುಮಾತ್ರಾ ದ್ವೀಪದ ತೋಬಾದಿಂದ.

ಸುಮಾರು 74,000 ವರ್ಷಗಳ ಹಿಂದೆ ತೋಬಾ ಸಿಡಿಯಿತು. ಕಳೆದ 20 ಲಕ್ಷ ವರ್ಷಗಳಲ್ಲಿ ಇದಕ್ಕೆ ಸಾಟಿಯಾದ ಸ್ಫೋಟ ಇನ್ನೊಂದಿಲ್ಲ. ಹೊರಬಿದ್ದ ಕರಗಿದ ಶಿಲೆ ಸುಮಾರು 2,800 ಘನ ಕಿಲೋಮೀಟರು ಎಂದು ಅಂದಾಜು. ಬೆಟ್ಟ ಕುಸಿದ ಜಾಗದಲ್ಲಿ ಇಂದು 100 ಕಿ.ಮೀ. ಉದ್ದದ ಸರೋವರವಿದೆ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಸಿಡಿದಾಗ ಇಡೀ ಭೂಮಿಯ ಸರಾಸರಿ ಉಷ್ಣತೆ ಅರ್ಧ ಡಿಗ್ರಿಯಷ್ಟು ಇಳಿದಿತ್ತು. ಪಿನಾಟುಬೊ ತೋಬಾದ ಮುಂದೆ ಒಂದು ಪಟಾಕಿ. ಹಾಗಾದರೆ ತೋಬಾ ಸಿಡಿದಾಗ ಏನಾಗಿರಬೇಕು?

ಈ ಪ್ರಶ್ನೆಯನ್ನು ಮನುಷ್ಯನ ವಿಕಾಸದ ಕಥೆಗೆ ಗಂಟುಹಾಕಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ಆಂಬ್ರೋಸ್. 1998ರಲ್ಲಿ ಅವರು ಮಂಡಿಸಿದ ವಾದ ಹೀಗಿದೆ: ಗಂಧಕದ ಹೊಗೆ ಸೂರ್ಯನನ್ನು ಮರೆಮಾಡಿತು, ವರ್ಷಗಟ್ಟಲೆ ಚಳಿಗಾಲ ಕವಿಯಿತು, ಅದರ ಬೆನ್ನಿಗೇ ಸಾವಿರ ವರ್ಷಗಳ ಶೀತಕಾಲ ಬಂತು, ಮನುಷ್ಯರಲ್ಲಿ ಉಳಿದವರು ಕೆಲವೇ ಸಾವಿರ ಮಂದಿ. ಇದಕ್ಕೆ ಅವರು ಆಸರೆ ಮಾಡಿಕೊಂಡದ್ದು ನಮ್ಮ ವಂಶವಾಹಿಗಳನ್ನು. ಜಗತ್ತಿನ ಕೋಟ್ಯಂತರ ಮನುಷ್ಯರಲ್ಲಿರುವ ವಂಶವಾಹಿ ವೈವಿಧ್ಯ ಆಫ್ರಿಕದ ಚಿಂಪಾಂಜಿಗಳಲ್ಲಿ ಇರುವುದಕ್ಕಿಂತ ಕಡಿಮೆ. ಎಂದೋ ಒಮ್ಮೆ ನಾವು ತೀರ ಕಡಿಮೆಯಾಗಿದ್ದೆವು ಎಂಬುದಕ್ಕೆ ಇದು ಗುರುತು ಎಂದರು ಆಂಬ್ರೋಸ್. ಪ್ರಳಯದಲ್ಲಿ ಪಾರಾದ ಬೆರಳೆಣಿಕೆಯ ಜನರ ಮಕ್ಕಳು ನಾವು! ಕಥೆ ಯಾರಿಗೆ ತಾನೆ ಹಿಡಿಸದು? ಪತ್ರಿಕೆಗಳಿಗಂತೂ ಬಹಳ ಹಿಡಿಸಿತು.

ಆದರೆ ಕಥೆ ನಿಜವಾದರೆ ಬೂದಿ ಬಿದ್ದ ನೆಲದಲ್ಲಿ ಅದರ ಸಾಕ್ಷಿ ಇರಬೇಕು. ಬೂದಿಯ ಕೆಳಗೆ ಮನುಷ್ಯನ ಕುರುಹು, ಮೇಲೆ ಬಹುಕಾಲ ಬರಿದು ಮಣ್ಣು. ಜ್ವಾಲಾಪುರದ ಮಹತ್ವ ಇರುವುದು ಇಲ್ಲಿಯೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್ ಮತ್ತು ಆಗ ಕೇಂಬ್ರಿಜ್‌ನಲ್ಲಿದ್ದ ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಇಲ್ಲಿ ಉತ್ಖನನ ನಡೆಸಿ, 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಬೂದಿಯ ಕೆಳಗೆ ಮಧ್ಯ ಶಿಲಾಯುಗದ ಕಲ್ಲಿನ ಉಪಕರಣಗಳಿದ್ದವು. ಬೂದಿಯ ಮೇಲೂ ಇದ್ದವು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಮಾಡಿದ ಕೈ ಒಂದೇ ಬಗೆಯದು ಎನ್ನುವಷ್ಟು ಹೋಲಿಕೆ. ಜನ ಅಳಿದು ಹೋಗಿದ್ದರೆ ಕಸುಬು ಉಳಿದದ್ದು ಹೇಗೆ?

ಬೂದಿಯ ದಪ್ಪ ನೋಡಿ ಹೆದರಬೇಕಿಲ್ಲ ಎಂಬುದೂ ಅಲ್ಲೇ ತಿಳಿಯಿತು. ಆಕಾಶದಿಂದ ನೇರವಾಗಿ ಬಿದ್ದದ್ದು ಕೆಲವೇ ಸೆಂಟಿಮೀಟರು. ಉಳಿದದ್ದು ಸುತ್ತಲಿನ ಗುಡ್ಡಗಳಿಂದ ಮಳೆನೀರು ತೊಳೆದು ತಂದು ತಗ್ಗಿನಲ್ಲಿ ಪೇರಿಸಿದ್ದು.

ಹಾಗೆಂದು ಆಂಬ್ರೋಸ್ ಪಕ್ಷ ಸುಮ್ಮನಾಗಲಿಲ್ಲ. 2009ರಲ್ಲಿ ಮಾರ್ಟಿನ್ ವಿಲಿಯಮ್ಸ್ ಮತ್ತು ಸಂಗಡಿಗರು (ಆಂಬ್ರೋಸ್ ಅವರೂ ಸೇರಿ) ಬೂದಿಯ ಕೆಳಗಿನ ಮತ್ತು ಮೇಲಿನ ಮಣ್ಣನ್ನೇ ಸಾಕ್ಷಿಗೆ ಕರೆದರು. ಈ ವಿಧಾನ ತುಸು ವಿವರಿಸುವಂಥದು. ಗಿಡಗಳು ಗಾಳಿಯಿಂದ ಇಂಗಾಲ ಹೀರುವುದರಲ್ಲಿ ಎರಡು ಮುಖ್ಯ ದಾರಿಗಳಿವೆ. ಮರಗಳು, ನಮ್ಮ ಭತ್ತ ಒಂದು ದಾರಿಯವು. ಬಿಸಿನಾಡಿನ ಹುಲ್ಲುಗಳು, ಜೋಳ, ರಾಗಿ ಇನ್ನೊಂದು ದಾರಿಯವು. ಎರಡನೆಯ ಗುಂಪಿನಲ್ಲಿ ಭಾರದ ಇಂಗಾಲದ ಪಾಲು ತುಸು ಹೆಚ್ಚು. ಗಿಡ ಕೊಳೆತ ಮೇಲೂ ಈ ಲೆಕ್ಕ ಮಣ್ಣಿನ ಸುಣ್ಣದ ಗಂಟುಗಳಲ್ಲಿ ಉಳಿಯುತ್ತದೆ. ಅದನ್ನು ಅಳೆದರೆ ಅಲ್ಲಿ ಕಾಡಿತ್ತೋ ಹುಲ್ಲುಗಾವಲಿತ್ತೋ ಹೇಳಬಹುದು. ಮಧ್ಯಭಾರತದಲ್ಲಿ ಬೂದಿಯ ಕೆಳಗೆ ಕಾಡು, ಮೇಲೆ ಹುಲ್ಲು ಬಯಲು ಕಂಡಿತು. ಬಂಗಾಳ ಕೊಲ್ಲಿಯ ತಳದ ಕೆಸರಿನಲ್ಲಿದ್ದ ಪರಾಗದ ಕಣಗಳೂ ಅದನ್ನೇ ಹೇಳಿದವು. (ಇಂಥ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಬೇಕು. ಪಿಎಚ್.ಡಿ. ವಿದ್ಯಾರ್ಥಿಗಳ ವರ್ಷಗಳು ಎಲ್ಲಿ ಹೋಗುತ್ತವೆ ಎಂದು ಕೇಳುವವರಿಗೆ ಇದು ಉತ್ತರ.)

ಕಾಡು ಹೋಯಿತು, ಜನ ಹೋಗಲಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯೇನಿಲ್ಲ. ಆಫ್ರಿಕದಿಂದ ಬಂದ ಸುದ್ದಿಯೂ ಆಂಬ್ರೋಸ್ ವಾದಕ್ಕೆ ಅನುಕೂಲವಾಗಿಲ್ಲ. 2013ರಲ್ಲಿ ಮಲಾವಿ ಸರೋವರದ ತಳದಲ್ಲಿ ತೋಬಾದ ಬೂದಿಕಣ ಸಿಕ್ಕಿತು. ಆದರೆ ಆ ಪದರದಲ್ಲಿ ದೊಡ್ಡ ಚಳಿಯ ಲಕ್ಷಣ ಕಾಣಲಿಲ್ಲ. 2018ರಲ್ಲಿ ದಕ್ಷಿಣ ಆಫ್ರಿಕದ ಪಿನಾಕಲ್ ಪಾಯಿಂಟ್ ಎಂಬ ಕಡಲತಡಿಯಲ್ಲಿ, ಬೂದಿ ಬಿದ್ದ ಕಾಲದಲ್ಲೂ ಜನ ಬದುಕಿ ಬಾಳುತ್ತಿದ್ದುದು ಗೊತ್ತಾಯಿತು. ಎಲ್ಲಕ್ಕಿಂತ ರುಚಿಕರವಾದದ್ದು 2024ರಲ್ಲಿ ಪ್ರಕಟವಾದ ಇಥಿಯೋಪಿಯದ ಶಿನ್ಫಾ ನದಿಯ ವೃತ್ತಾಂತ. ಬೂದಿಯ ಕಾಲಕ್ಕೆ ಅಲ್ಲಿ ಬರ ಬಿಗಿಯಾಯಿತೆಂದು ಆಸ್ಟ್ರಿಚ್ ಮೊಟ್ಟೆಯ ಚಿಪ್ಪು ಹೇಳುತ್ತದೆ. ಹೊಳೆ ಬತ್ತಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಾಗ ಮೀನು ಹಿಡಿಯುವುದು ಸುಲಭ. ಅಲ್ಲಿನ ಜನ ಮೀನನ್ನು ಹೆಚ್ಚಾಗಿ ತಿನ್ನತೊಡಗಿದರು. ಮಡು ಬರಿದಾದಾಗ ಮುಂದಿನ ಮಡುವಿಗೆ ಹೋಗುತ್ತ, ನದಿಯ ಜಾಡು ಹಿಡಿದು ಆಫ್ರಿಕದಿಂದ ಹೊರಬಿದ್ದಿರಬಹುದು ಎಂಬುದು ಸಂಶೋಧಕರ ಊಹೆ.

ಹವಾಮಾನ ಮನುಷ್ಯನನ್ನು ರೂಪಿಸಿತು ಎಂಬ ಮಾತು ಹೊಸದಲ್ಲ. ಕಾಡು ಒಣಗಿ ಬಯಲಾದಾಗ ಪೂರ್ವಜರು ಮರದಿಂದಿಳಿದು ಎರಡು ಕಾಲಿನಲ್ಲಿ ನಿಂತರು ಎಂದು ಶಾಲೆಯಲ್ಲಿ ಓದಿದವರು ಬಹಳ ಮಂದಿ. 1990ರ ದಶಕದಲ್ಲಿ ಅಮೆರಿಕದ ರಿಕ್ ಪಾಟ್ಸ್ ಇದನ್ನು ಬೇರೆ ರೀತಿ ತಿರುಗಿಸಿದರು: ಬಯಲೂ ಅಲ್ಲ, ಕಾಡೂ ಅಲ್ಲ, ಮತ್ತೆ ಮತ್ತೆ ಬದಲಾಗುವ ಹವೆಯೇ ನಮ್ಮನ್ನು ಯಾವುದಕ್ಕೂ ಹೊಂದಿಕೊಳ್ಳುವ ಪ್ರಾಣಿಯಾಗಿ ಮಾಡಿತು. ಶಿನ್ಫಾದ ಮೀನುಗಾರರನ್ನು ನೋಡಿದರೆ ಪಾಟ್ಸ್ ಮಾತಿಗೇ ತೂಕ ಹೆಚ್ಚೆಂದು ತೋರುತ್ತದೆ. ವಂಶವಾಹಿ ವೈವಿಧ್ಯ ಕಡಿಮೆಯಾದದ್ದಕ್ಕೂ, ಸಣ್ಣ ಸಣ್ಣ ಗುಂಪುಗಳು ಆಫ್ರಿಕ ಬಿಟ್ಟು ಬಂದದ್ದೇ ಮುಖ್ಯ ಕಾರಣವೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ.

ನಮ್ಮ ಮಟ್ಟಿಗೆ ಉಳಿದಿರುವ ತಕರಾರು ಬೇರೆ. ಜ್ವಾಲಾಪುರದ ಕಲ್ಲುಗಳನ್ನು ಕೆತ್ತಿದವರು ಯಾರು? ನಮ್ಮಂಥ ಮನುಷ್ಯರೇ ಎನ್ನುತ್ತಾರೆ ಪೆಟ್ರಾಗ್ಲಿಯಾ, ಕೋರಿಶೆಟ್ಟರ್. ಅಲ್ಲ, ನಮ್ಮವರು ಭಾರತಕ್ಕೆ ಬಂದದ್ದು ತೋಬಾದ ಎಷ್ಟೋ ಕಾಲದ ಅನಂತರ ಎಂದು 2013ರಲ್ಲಿ ಕೇಂಬ್ರಿಜ್‌ನ ಪಾಲ್ ಮೆಲ್ಲರ್ಸ್ ಮತ್ತಿತರರು ವಾದಿಸಿದರು. 2020ರಲ್ಲಿ ಮಧ್ಯಪ್ರದೇಶದ ಸೋನ್ ಕಣಿವೆಯ ಧಾಬಾದಲ್ಲಿ, 80,000ದಿಂದ 65,000 ವರ್ಷಗಳ ಹಿಂದಿನವರೆಗೆ ಕಲ್ಲಿನ ಕೆಲಸ ಎಡೆಬಿಡದೆ ನಡೆದಿತ್ತೆಂದು ವರದಿಯಾಯಿತು. ಅದರಿಂದ ಮೊದಲ ಪಕ್ಷಕ್ಕೆ ಬಲ ಬಂದಿದೆ. ಆದರೆ ಕಲ್ಲು ಕೆತ್ತಿದವನ ಹೆಸರನ್ನು ಕಲ್ಲು ಹೇಳುವುದಿಲ್ಲ. ಅದಕ್ಕೆ ಮೂಳೆ ಬೇಕು, ಒಂದು ಹಲ್ಲಾದರೂ ಬೇಕು. ಜ್ವಾಲಾಪುರದ ಬೂದಿಯ ಅಂಚಿನಲ್ಲಾಗಲಿ ಧಾಬಾದಲ್ಲಾಗಲಿ ಆ ಕಾಲದ ಮನುಷ್ಯನ ಮೂಳೆ ಸಿಕ್ಕಿಲ್ಲ.