ರುಚಿಗೆ ಕಾನೂನು ಉಂಟೆ?

ಕನ್ನಡದಲ್ಲಿ 'ರುಚಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಪದಾರ್ಥದಲ್ಲಿ ಇರುವ ಗುಣವೂ ರುಚಿಯೇ; ಅದನ್ನು ಉಂಡವನ ಮನಸ್ಸಿಗೆ ಅದು ಹಿಡಿಸುವುದೂ ರುಚಿಯೇ. ಹಾಗಲಕಾಯಿಯ ರುಚಿ ಕಹಿ ಎನ್ನುವಾಗ ಮೊದಲನೆಯದು; ಹಾಗಲಕಾಯಿ ನನಗೆ ರುಚಿಸದು ಎನ್ನುವಾಗ ಎರಡನೆಯದು. ಒಂದು ವಸ್ತುವಿಗೆ ಸೇರಿದ್ದು, ಇನ್ನೊಂದು ವ್ಯಕ್ತಿಗೆ ಸೇರಿದ್ದು. ಕಾವ್ಯವಿಮರ್ಶೆಯಲ್ಲಿ ನಾವು ಹೂಡುವ ಜಗಳಗಳಲ್ಲಿ ಅರ್ಧಕ್ಕೆ ಅರ್ಧ ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದವು ಎಂದರೆ ತಪ್ಪಾಗಲಾರದು. ಈ ಭೇದವನ್ನು ಸ್ಪಷ್ಟವಾಗಿ ತೋರಿಸುವ ಚರಿತ್ರೆಯೊಂದು ಅನಿರೀಕ್ಷಿತವಾದ ಕಡೆಯಲ್ಲಿದೆ. ಅದು ಅಮೆರಿಕದ ಬರ್ಬನ್ ವಿಸ್ಕಿಯ ಚರಿತ್ರೆ. ಮದ್ಯದ ಪ್ರಶಂಸೆ ನನ್ನ ಉದ್ದೇಶವಲ್ಲ. ಅದರಿಂದ ಹಾಳಾದ ಮನೆಗಳನ್ನು ನಾವೆಲ್ಲರೂ ಕಂಡವರೇ. ಆದರೆ ಒಂದು ದೇಶ ತನ್ನ ಪಾನೀಯವೊಂದರ ಸರಿಯಾದ ಹೆಸರು ಯಾವುದೆಂದು ಸಂಸತ್ತಿನಲ್ಲಿಯೂ ಅಧ್ಯಕ್ಷರ ಸಮ್ಮುಖದಲ್ಲಿಯೂ ವಾದಿಸಿ ತೀರ್ಮಾನಿಸಿದ್ದು ಶಬ್ದವನ್ನು ಪ್ರೀತಿಸುವವರು ತಿಳಿಯಬೇಕಾದ ಸಂಗತಿ.

ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಿಂದ ಬಂದು ಪೆನ್ಸಿಲ್ವೇನಿಯ, ವರ್ಜೀನಿಯಗಳಲ್ಲಿ ನೆಲೆಸಿದ ರೈತರು ಬಟ್ಟಿ ಇಳಿಸುವ ವಿದ್ಯೆಯನ್ನು ತಮ್ಮೊಡನೆ ತಂದರು. ಅಲ್ಲಿ ಅವರಿಗೆ ಒದಗಿದ ಧಾನ್ಯ ರೈ. ಅವರಲ್ಲಿ ಹಲವರು ಬೆಟ್ಟಗಳನ್ನು ದಾಟಿ ಕೆಂಟಕಿಗೆ ಬಂದಾಗ ಆ ಮಣ್ಣಿಗೆ ಒಗ್ಗಿದ್ದು ಮೆಕ್ಕೆಜೋಳ. ನಮ್ಮಲ್ಲಿ ಹಳೆಯ ಮೈಸೂರಿನವರು ಮುಸುಕಿನ ಜೋಳವೆಂದೂ ಧಾರವಾಡದ ಕಡೆಯವರು ಗೋವಿನಜೋಳವೆಂದೂ ಕರೆಯುವ ಬೆಳೆ. ಬೆಳೆದ ಕಾಳನ್ನು ಬೆಟ್ಟ ದಾಟಿಸಿ ಪೂರ್ವದ ಪೇಟೆಗೆ ಒಯ್ಯುವುದು ದುಸ್ತರವಾಗಿತ್ತು. ಇಟ್ಟರೆ ಹುಳು ತಿನ್ನುತ್ತಿತ್ತು. ಬಟ್ಟಿ ಇಳಿಸಿ ಪೀಪಾಯಿಗೆ ತುಂಬಿದರೆ ಮಾತ್ರ ಅದು ಕೆಡದೆ, ಕಡಿಮೆ ಭಾರದಲ್ಲಿ ಹೆಚ್ಚು ಬೆಲೆ ತರುತ್ತಿತ್ತು. ದೋಣಿಗಳಲ್ಲಿ ಒಹಾಯೊ, ಮಿಸಿಸಿಪಿ ನದಿಗಳ ಮೇಲೆ ಸಾಗಿ ನ್ಯೂ ಆರ್ಲಿಯನ್ಸ್ ಸೇರುತ್ತಿತ್ತು. ವಿಲಾಸದಿಂದಲ್ಲ, ರೈತನ ಲೆಕ್ಕಾಚಾರದಿಂದ ಹುಟ್ಟಿದ ಕಸುಬು ಇದು. 1791ರಲ್ಲಿ ಹೊಸ ಸರ್ಕಾರ ಇದರ ಮೇಲೆ ಸುಂಕ ಹೇರಿದಾಗ ಪಶ್ಚಿಮ ಪೆನ್ಸಿಲ್ವೇನಿಯದ ರೈತರು ದಂಗೆಯೆದ್ದರು. 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ದಂಡು ಕಟ್ಟಿಕೊಂಡು ಹೊರಡಬೇಕಾಯಿತು.

ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಸ್ವಾತಂತ್ರ್ಯ ಯುದ್ಧದಲ್ಲಿ ನೆರವಾದ ಫ್ರಾನ್ಸಿನ ರಾಜವಂಶದ ಗೌರವಾರ್ಥವಾಗಿ 1785ರಲ್ಲಿ ವರ್ಜೀನಿಯದವರು ತಮ್ಮ ಪಶ್ಚಿಮದ ಒಂದು ಕೌಂಟಿಗೆ ಬರ್ಬನ್ ಎಂದು ಹೆಸರಿಟ್ಟರು. 1792ರಲ್ಲಿ ಆ ಪ್ರದೇಶವೆಲ್ಲ ಕೆಂಟಕಿ ಎಂಬ ಪ್ರತ್ಯೇಕ ರಾಜ್ಯವಾಯಿತು. ಆ ಸೀಮೆಯಿಂದ ಬಂದ ವಿಸ್ಕಿಗೆ ಆ ಸೀಮೆಯ ಹೆಸರೇ ನಿಂತಿತೆಂಬುದು ವಾಡಿಕೆಯ ವಿವರಣೆ. ಅಲ್ಲ, ನ್ಯೂ ಆರ್ಲಿಯನ್ಸಿನ ಬರ್ಬನ್ ಬೀದಿಯಿಂದ ಬಂತೆನ್ನುವ ಇತಿಹಾಸಕಾರರೂ ಇದ್ದಾರೆ. ಎಲೈಜ ಕ್ರೇಗ್ ಎಂಬ ಪಾದ್ರಿಯೇ ಇದರ ಜನಕನೆಂದೂ, ಬೆಂಕಿ ತಗುಲಿ ಒಳಮೈ ಕರಿದಾದ ಪೀಪಾಯಿಗಳನ್ನು ಎಸೆಯಲು ಮನಸ್ಸಿಲ್ಲದೆ ಬಳಸಿದ್ದರಿಂದ ಈ ರುಚಿ ಹುಟ್ಟಿತೆಂದೂ ಹೇಳುವ ಐತಿಹ್ಯವಿದೆ. ಐತಿಹ್ಯಗಳಿಗೆ ಒಬ್ಬ ಜನಕ ಬೇಕು, ಚರಿತ್ರೆಗೆ ಬೇಕಾಗಿಲ್ಲ. ಹಲವರ ಒಲೆಗಳಲ್ಲಿ ಹಲವು ವರ್ಷಗಳಲ್ಲಿ ರೂಪುಗೊಂಡ ವಿದ್ಯೆ ಇದೆಂಬುದೇ ಹೆಚ್ಚು ಸಂಭವನೀಯ.

ಆ ವಿದ್ಯೆಯ ಒಂದು ಮುಖ್ಯಾಂಶ ನಮ್ಮ ಅಡುಗೆಮನೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹಿಂದಿನ ಬಾರಿಯ ಬಟ್ಟಿಯಲ್ಲಿ ಉಳಿದ ಹುಳಿಗಂಜಿಯಲ್ಲಿ ಒಂದಿಷ್ಟನ್ನು ಹೊಸ ಗಂಜಿಗೆ ಸೇರಿಸುವುದು. ಮೊಸರಿಗೆ ಹೆಪ್ಪು ಹಾಕುವ ನಮ್ಮ ಪದ್ಧತಿಗೆ ಇದು ಹತ್ತಿರದ ಬಂಧು. ಹುಳಿ ಹೆಚ್ಚಿದರೆ ಬೇಡದ ಕ್ರಿಮಿಗಳು ಬೆಳೆಯುವುದಿಲ್ಲ. ಒಂದು ಸಲದ ಗುಣ ಇನ್ನೊಂದು ಸಲಕ್ಕೆ ಹರಿದುಬರುತ್ತದೆ. ಸ್ಕಾಟ್ಲೆಂಡಿನಿಂದ ಬಂದು ಆಸ್ಕರ್ ಪೆಪ್ಪರನ ಬಟ್ಟಿಯಲ್ಲಿ ದುಡಿದು 1856ರಲ್ಲಿ ತೀರಿಕೊಂಡ ಜೇಮ್ಸ್ ಕ್ರೋ ಇದನ್ನು ಅಳತೆಗೂ ಉಪಕರಣಗಳಿಗೂ ಒಳಪಡಿಸಿ ಶಾಸ್ತ್ರಬದ್ಧಗೊಳಿಸಿದ. ಆದರೆ 1818ರಷ್ಟು ಹಿಂದೆಯೇ ಕ್ಯಾಥರಿನ್ ಕಾರ್ಪೆಂಟರ್ ಎಂಬ ಕೆಂಟಕಿಯ ಹೆಂಗಸು ಈ ವಿಧಾನವನ್ನು ಬರೆದಿಟ್ಟಿದ್ದಳು. ಶಾಸ್ತ್ರಕಾರ ಬರುವ ಮೊದಲೇ ಪ್ರಯೋಗವಿತ್ತು. ವ್ಯಾಕರಣಕ್ಕೂ ಭಾಷೆಗೂ ಇರುವ ಸಂಬಂಧವೇ ಇಲ್ಲಿಯೂ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರ್ಬನ್ನಿಗೆ ಹೆಸರು ಬಂತು. ಹೆಸರಿನ ಬೆನ್ನಿಗೇ ಮೋಸವೂ ಬಂತು. ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟು ಕಾಯುವ ಬದಲು, ಬಣ್ಣವೂ ಗುಣವೂ ಇಲ್ಲದ ಶುದ್ಧ ಮದ್ಯಸಾರಕ್ಕೆ ಬಣ್ಣ, ಒಣಹಣ್ಣಿನ ರಸ, ಇನ್ನೂ ಕೇಡಿನ ಪದಾರ್ಥಗಳನ್ನು ಬೆರೆಸಿ ಹಳೆಯ ವಿಸ್ಕಿಯೆಂದು ಮಾರುವ ವ್ಯಾಪಾರಿಗಳು ಹೆಚ್ಚಿದರು. ಗಿರಾಕಿಗೆ ಪೀಪಾಯಿಯೊಳಗಿನ ಸತ್ಯ ತಿಳಿಯುವ ಮಾರ್ಗವಿರಲಿಲ್ಲ. 1870ರಲ್ಲಿ ಲೂಯಿವಿಲ್ ನಗರದ ಜಾರ್ಜ್ ಗಾರ್ವಿನ್ ಬ್ರೌನ್ ತನ್ನ 'ಓಲ್ಡ್ ಫಾರೆಸ್ಟರ್' ವಿಸ್ಕಿಯನ್ನು ಮೊಹರು ಮಾಡಿದ ಶೀಶೆಗಳಲ್ಲಿ ಮಾತ್ರವೇ ಮಾರತೊಡಗಿದ್ದು ಈ ಅಪನಂಬಿಕೆಗೆ ಕೊಟ್ಟ ಉತ್ತರ. 1897ರಲ್ಲಿ ಸರ್ಕಾರವೇ ಒಂದು ಕಾನೂನು ಮಾಡಿತು. ಒಂದೇ ಬಟ್ಟಿಯಲ್ಲಿ, ಒಂದೇ ಋತುವಿನಲ್ಲಿ ಇಳಿಸಿ, ಸರ್ಕಾರದ ಉಸ್ತುವಾರಿಯ ಉಗ್ರಾಣದಲ್ಲಿ ಕನಿಷ್ಠ 4 ವರ್ಷ ಇಟ್ಟು, ನೂರಕ್ಕೆ 50ರಷ್ಟು ಮದ್ಯಸಾರವಿರುವಂತೆ ತುಂಬಿದ ಶೀಶೆಗೆ ಸರ್ಕಾರದ ಮುದ್ರೆ ಬೀಳುತ್ತಿತ್ತು. ಆಹಾರ ಪದಾರ್ಥಗಳ ಶುದ್ಧತೆಗಾಗಿ ಆ ದೇಶ ಸಮಗ್ರವಾದ ಶಾಸನ ಮಾಡಿದ್ದು 1906ರಲ್ಲಿ. ಅದಕ್ಕಿಂತ 9 ವರ್ಷ ಮುಂಚೆಯೇ ವಿಸ್ಕಿಗೆ ಆ ರಕ್ಷೆ ದೊರೆತಿತ್ತು!

1906ರ ಶಾಸನದಿಂದ ಜಗಳ ತೀರಲಿಲ್ಲ, ಹೆಚ್ಚಿತು. ತಪ್ಪು ಹೆಸರಿನಿಂದ ಮಾರಬಾರದೆಂದು ಕಾನೂನು ಹೇಳಿದರೆ, ಸರಿಯಾದ ಹೆಸರು ಯಾವುದೆಂದು ಯಾರಾದರೂ ಹೇಳಬೇಕಷ್ಟೆ. ಹಾರ್ವಿ ವೈಲಿ ಎಂಬ ರಸಾಯನಶಾಸ್ತ್ರಜ್ಞ ಪೀಪಾಯಿಯಲ್ಲಿ ಮಾಗಿದ್ದೊಂದೇ ವಿಸ್ಕಿಯೆಂದು ಪಟ್ಟು ಹಿಡಿದ. ಬೆರಕೆ ವ್ಯಾಪಾರಿಗಳು ತಮ್ಮದೂ ವಿಸ್ಕಿಯೇ ಎಂದರು. ಕಡೆಗೆ ಅಧ್ಯಕ್ಷ ಟಾಫ್ಟ್ ತಾವೇ ವಾದಗಳನ್ನು ಪರಿಶೀಲಿಸಿ 1909ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟರು. ಧಾನ್ಯದಿಂದ ಇಳಿಸಿದ್ದನ್ನು ವಿಸ್ಕಿಯೆಂದು ಕರೆಯಬಹುದು. ಆದರೆ ಮಾಗಿಸಿದ್ದು ಯಾವುದು, ಬೆರಸಿದ್ದು ಯಾವುದು ಎಂಬುದನ್ನು ಶೀಶೆಯ ಮೇಲೆ ಹೇಳಲೇಬೇಕು. ಇದೊಂದು ವಿವೇಕದ ತೀರ್ಪು. ಯಾವುದು ಉತ್ತಮವೆಂದು ಟಾಫ್ಟ್ ಹೇಳಲಿಲ್ಲ. ಯಾವುದು ಏನೆಂದು ಮರೆಮಾಚದಿರಿ ಎಂದಷ್ಟೇ ಹೇಳಿದರು.

1920ರಿಂದ 1933ರವರೆಗೆ ಪಾನನಿಷೇಧ ನಡೆದು, ವೈದ್ಯರ ಚೀಟಿಯಿಂದ ಔಷಧವಾಗಿ ಮಾತ್ರ ವಿಸ್ಕಿ ದೊರೆಯುತ್ತಿದ್ದ ಕಾಲದಲ್ಲಿ ಬಹುಪಾಲು ಬಟ್ಟಿಗಳು ಮುಚ್ಚಿದವು. ಆ ಬಳಿಕ ನಿಯಮಗಳು ಮತ್ತೆ ಬಿಗಿಯಾದವು. 1964ರಲ್ಲಿ ಬರ್ಬನ್ ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ಅಲ್ಲಿನ ಕಾಂಗ್ರೆಸ್ ನಿರ್ಣಯಿಸಿತು. ಇಂದು ಆ ಹೆಸರು ಸಲ್ಲಬೇಕಾದರೆ ಧಾನ್ಯದಲ್ಲಿ ನೂರಕ್ಕೆ 51 ಭಾಗವಾದರೂ ಮೆಕ್ಕೆಜೋಳವಿರಬೇಕು. ಇಳಿಸಿದಾಗ ಮದ್ಯಸಾರ ನೂರಕ್ಕೆ 80ನ್ನೂ, ಪೀಪಾಯಿಗೆ ತುಂಬುವಾಗ 62.5ನ್ನೂ ಮೀರಬಾರದು. ಪೀಪಾಯಿ ಹೊಸ ಓಕ್ ಮರದ್ದಾಗಿದ್ದು ಒಳಮೈಯನ್ನು ಸುಟ್ಟಿರಬೇಕು. ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಹೊರಗಿನಿಂದ ಸೇರಿಸಕೂಡದು. ಕೆಂಟಕಿಯಲ್ಲೇ ಆಗಬೇಕೆಂಬ ನಿಯಮವಿಲ್ಲ. ಅಮೆರಿಕದಲ್ಲಿ ಎಲ್ಲಾದರೂ ಆಗಬಹುದು. ಪೆದಸಾದ ಛಂದಸ್ಸು ಇದು. ಆದರೆ ಛಂದಸ್ಸು ಒಂದೇ ಆದ ಮಾತ್ರಕ್ಕೆ ಷಟ್ಪದಿಗಳೆಲ್ಲ ಒಂದೇ ಆಗುವುದುಂಟೆ?

ಕಾನೂನು ಬಿಟ್ಟುಕೊಟ್ಟ ಉಳಿದ 49 ಭಾಗದಲ್ಲಿಯೇ ಸ್ವಾತಂತ್ರ್ಯವೆಲ್ಲ ಅಡಗಿದೆ. ಬಹುತೇಕ ಬಟ್ಟಿಗಳವರು ಮೆಕ್ಕೆಜೋಳದೊಡನೆ ಸ್ವಲ್ಪ ರೈ, ಸ್ವಲ್ಪ ಮೊಳಕೆ ಬರಿಸಿದ ಬಾರ್ಲಿ ಸೇರಿಸುತ್ತಾರೆ. ಫೋರ್ ರೋಸಸ್ ಎಂಬ ಸಂಸ್ಥೆಯವರದು ಎರಡು ಧಾನ್ಯಮಿಶ್ರಣ, ಐದು ಬಗೆಯ ಹುದುಗು. ಹೀಗೆ 10 ಪಾಕಗಳು. ಅವುಗಳಲ್ಲಿ ಒಂದು ಮಿಶ್ರಣದಲ್ಲಿ ರೈ ನೂರಕ್ಕೆ 35ರಷ್ಟಿದೆ. ಇನ್ನು ಕೆಲವರು ರೈ ಬಿಟ್ಟು ಗೋಧಿ ಹಾಕುತ್ತಾರೆ. 1953ರಲ್ಲಿ ಲೊರೆಟೊ ಎಂಬ ಊರಿನ ಹಳೆಯ ಬಟ್ಟಿಯನ್ನು ಕೊಂಡ ಬಿಲ್ ಸ್ಯಾಮ್ಯುಯಲ್ಸ್, ಬೇರೆಬೇರೆ ಧಾನ್ಯಮಿಶ್ರಣಗಳಿಂದ ರೊಟ್ಟಿ ಸುಟ್ಟು ರುಚಿ ನೋಡಿ ಗೋಧಿಯನ್ನು ಆರಿಸಿದರೆಂದು ಆ ಮನೆತನದವರು ಹೇಳುತ್ತಾರೆ. ಅವರ 'ಮೇಕರ್ಸ್ ಮಾರ್ಕ್' 1958ರಲ್ಲಿ ಪೇಟೆಗೆ ಬಂತು. ಶೀಶೆಯ ಕೊರಳಿಗೆ ಕೆಂಪು ಅರಗು ಇಳಿಬಿಡುವ ಕಲ್ಪನೆ ಅವರ ಪತ್ನಿ ಮಾರ್ಜಿಯವರದು.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಒಂದು ಸಂಜೆ ಇವುಗಳನ್ನು ಹೋಲಿಸಿ ನೋಡುವ ಅವಕಾಶ ಒದಗಿತು. ಸೊಸೆ ಮೂರು ಲೋಟಗಳಲ್ಲಿ ಒಂದೊಂದು ಚಮಚದಷ್ಟು ಹಾಕಿ, ಹೆಸರು ಹೇಳದೆ ಮುಂದಿಟ್ಟಳು. ಒಂದು ಮೇಕರ್ಸ್ ಮಾರ್ಕ್. ಒಂದು ಹೆಚ್ಚು ರೈ ಇರುವ ಫೋರ್ ರೋಸಸ್. ಇನ್ನೊಂದು ರೈ ಕಡಿಮೆಯಿರುವ ಬಫಲೊ ಟ್ರೇಸ್. ಮೊದಲನೆಯದರಲ್ಲಿ ಬೆಲ್ಲದ ಪಾಕದ ವಾಸನೆ, ನಾಲಗೆಯ ಮೇಲೆ ಮೆತ್ತನೆಯ ಸಿಹಿ. ಎರಡನೆಯದು ಲವಂಗ, ಕಾಳುಮೆಣಸುಗಳನ್ನು ನೆನಪಿಗೆ ತಂದು, ನುಂಗಿದ ಮೇಲೆಯೂ ಗಂಟಲಲ್ಲಿ ಬಹಳ ಹೊತ್ತು ಮಾತನಾಡುತ್ತಿತ್ತು. ಮೂರನೆಯದು ಇವೆರಡರ ನಡುವಿನದು. ನನಗೆ ಎರಡನೆಯದು ಹಿಡಿಸಿತು. "ಅಪ್ಪಾ, ಅದು ತುಂಬಾ ಖಾರ, ಮೊದಲನೆಯದರ ಮುಂದೆ ಅದೇನು?" ಎಂದ ಮಗ. "ಮೆಣಸಿನ ಸಾರು ಕುಡಿದು ಬೆಳೆದವರಿಗೆ ಖಾರವೇ ಬೇಕು, ಮಾವ," ಎಂದು ಸೊಸೆ ನಕ್ಕಳು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯಾವುದು ಮೆಚ್ಚು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿತ್ತು; ಯಾವುದು ಖಾರ, ಯಾವುದು ಸಿಹಿ ಎಂಬುದರಲ್ಲಿ ಇರಲಿಲ್ಲ. ಮೊದಲ ರುಚಿಯಲ್ಲಿ ಒಮ್ಮತ, ಎರಡನೆಯ ರುಚಿಯಲ್ಲಿ ಸ್ವಾತಂತ್ರ್ಯ. ವಿಮರ್ಶೆಯ ಆರೋಗ್ಯಕ್ಕೆ ಇವೆರಡೂ ಬೇಕು.

ಶೀಶೆಯ ಹೆಸರು ಕಾಣುವಂತಿದ್ದರೆ ನಮ್ಮ ನಾಲಗೆ ಇಷ್ಟು ಪ್ರಾಮಾಣಿಕವಾಗಿರುತ್ತಿತ್ತೆಂದು ಹೇಳಲಾರೆ. 1970ರ ದಶಕದಲ್ಲಿ ಬೇಡಿಕೆ ಕುಗ್ಗಿ ಉಗ್ರಾಣಗಳಲ್ಲಿ ಉಳಿದುಹೋಗಿದ್ದ ಪದಾರ್ಥ ಇಂದು ವಿರಳವೆಂಬ ಕಾರಣದಿಂದಲೇ ಅಸಾಧ್ಯ ಬೆಲೆಗೆ ಮಾರಾಟವಾಗುತ್ತಿದೆ. ಪ್ಯಾಪಿ ವ್ಯಾನ್ ವಿಂಕಲ್ ಎಂಬ ಹೆಸರಿನ ಶೀಶೆಗಳನ್ನು ಕುಡಿಯುವವರಿಗಿಂತ ಕೂಡಿಡುವವರೇ ಹೆಚ್ಚೇನೋ ಎನಿಸುತ್ತದೆ. ಬಹಳ ವರ್ಷ ಮಾಗಿದ್ದೆಲ್ಲ ಉತ್ತಮವೆಂಬ ನಂಬಿಕೆಯೂ ಹಾಗೆಯೇ. ಕೆಂಟಕಿಯ ಬೇಸಗೆಯಲ್ಲಿ ಪೀಪಾಯಿಯ ಹೊಸ ಮರ ಬೇಗ ತನ್ನ ಗುಣ ಬಿಡುತ್ತದೆ. ಮಿತಿಮೀರಿ ಇಟ್ಟರೆ ಉಳಿಯುವುದು ಮರದ ಒಗರು. ವಯಸ್ಸಾದದ್ದೆಲ್ಲ ಪಕ್ವವಲ್ಲವೆಂಬುದನ್ನು ನಿವೃತ್ತನಾದ ನಾನು ಹೇಳಿದರೆ ಯಾರೂ ಆಕ್ಷೇಪಿಸಲಾರರು.

ಶೀಶೆಯ ಮೇಲಿನ ಹೆಸರು ಇನ್ನೊಂದು ಸತ್ಯವನ್ನು ಬಹುಕಾಲ ಮುಚ್ಚಿಟ್ಟಿತ್ತು. ಕೆಂಟಕಿಯಲ್ಲಿ 1865ರವರೆಗೂ ಗುಲಾಮಗಿರಿಯಿತ್ತು. ಕ್ರೋ ದುಡಿದ ಪೆಪ್ಪರನ ಬಟ್ಟಿಯಲ್ಲಿ ಗುಲಾಮರ ಬೆವರೂ ಸೇರಿತ್ತು. ಪಾದ್ರಿ ಕ್ರೇಗನೂ ಗುಲಾಮರ ಒಡೆಯನೇ. ನೆರೆಯ ಟೆನೆಸಿಯಲ್ಲಿ ಜ್ಯಾಕ್ ಡೇನಿಯಲ್ ಎಂಬ ಹುಡುಗನಿಗೆ ಬಟ್ಟಿಯ ವಿದ್ಯೆ ಕಲಿಸಿದ ಗುರು ನೇಥನ್ 'ನಿಯರೆಸ್ಟ್' ಗ್ರೀನ್, ಗುಲಾಮನಾಗಿದ್ದ ಕರಿಯ. ಶಿಷ್ಯನ ಹೆಸರು ಲೋಕವೆಲ್ಲ ಹಬ್ಬಿತು. ಗುರುವಿನ ಹೆಸರನ್ನು ಆ ಸಂಸ್ಥೆ ಬಹಿರಂಗವಾಗಿ ಮುಂದೆ ತಂದದ್ದು 2016ರಲ್ಲಿ. ಪೀಪಾಯಿಯ ಮರ ಹೊಸತೇ, ಕಾಳು ಯಾವುದು ಎಂದು ಅಷ್ಟು ಕಟ್ಟುನಿಟ್ಟಾಗಿ ವಿಚಾರಿಸಿದ ಕಾನೂನು, ಅದನ್ನು ಮಾಡಿದ ಕೈ ಯಾರದೆಂದು ಒಮ್ಮೆಯೂ ಕೇಳಲಿಲ್ಲ.

ಈ ಕಥೆಗೂ ನಮ್ಮ ನಾಡಿಗೂ ಒಂದು ಕೊಂಡಿಯಿದೆ. ಬರ್ಬನ್ನಿಗೆ ಹೊಸ ಪೀಪಾಯಿಯೇ ಬೇಕಾದ್ದರಿಂದ ಒಮ್ಮೆ ಬಳಸಿದ್ದು ಬೇರೆ ದೇಶಗಳಿಗೆ ಹೋಗುತ್ತದೆ. ಸ್ಕಾಟ್ಲೆಂಡಿನ ವಿಸ್ಕಿ ಬಹುಪಾಲು ಮಾಗುವುದು ಅವುಗಳಲ್ಲೇ. 2004ರಲ್ಲಿ ಗ್ಲಾಸ್ಗೊ ನಗರದಲ್ಲಿ ಮೊದಲು ಮಾರಾಟಕ್ಕೆ ಬಂದ ಬೆಂಗಳೂರಿನ ಅಮೃತ್ ವಿಸ್ಕಿಗೂ ಅಂಥ ಪೀಪಾಯಿಗಳೇ ಆಶ್ರಯ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ನೂರಕ್ಕೆ 2 ಭಾಗ ಆವಿಯಾದರೆ, ಬೆಂಗಳೂರಿನಲ್ಲಿ 10 ಭಾಗಕ್ಕೂ ಹೆಚ್ಚು. ಮಾಗುವುದೂ ಅಷ್ಟೇ ತ್ವರಿತ. ಆದರೆ ನಮ್ಮಲ್ಲಿ ವಿಸ್ಕಿಯೆಂದು ಮಾರುವುದರಲ್ಲಿ ಬಹಳಷ್ಟಕ್ಕೆ ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರವೇ ಆಧಾರ. ಯುರೋಪಿನಲ್ಲಿ ಅದನ್ನು ಆ ಹೆಸರಿನಿಂದ ಮಾರುವಂತಿಲ್ಲ. ಟಾಫ್ಟ್ 1909ರಲ್ಲಿ ಎದುರಿಸಿದ ಪ್ರಶ್ನೆ ನಮ್ಮ ಅಂಗಡಿಗಳ ಕಪಾಟಿನಲ್ಲಿ ಇನ್ನೂ ಹಾಗೆಯೇ ಕುಳಿತಿದೆ.

ರುಚಿಗೆ ಕಾನೂನು ಉಂಟೆ? ಒಂದು ಅರ್ಥದಲ್ಲಿ ಉಂಟು, ಇನ್ನೊಂದು ಅರ್ಥದಲ್ಲಿ ಇಲ್ಲ. ವಸ್ತುವಿನ ರುಚಿಗೆ ಕಾನೂನು ಬೇಕು. ಹೆಸರು ಸುಳ್ಳಾದರೆ ಮೆಚ್ಚುವ ಸ್ವಾತಂತ್ರ್ಯಕ್ಕೂ ಅರ್ಥವಿಲ್ಲ. ತನಗೆ ದೊರೆತದ್ದು ಏನೆಂದೇ ತಿಳಿಯದವನು ಏನನ್ನು ತಾನೇ ಮೆಚ್ಚಿಯಾನು? ಆದರೆ ಸತ್ಯವನ್ನು ಮುಂದಿಟ್ಟ ಮೇಲೆ ಕಾನೂನು ಬಾಗಿಲಲ್ಲೇ ನಿಲ್ಲಬೇಕು. ಗೋಧಿಯ ಮಾರ್ದವವೋ ರೈಯ ಖಾರವೋ ಎಂಬುದನ್ನು ತೀರ್ಮಾನಿಸಲು ಯಾವ ಅಧ್ಯಕ್ಷನಿಗೂ ಅಧಿಕಾರವಿಲ್ಲ, ಯಾವ ಪ್ರಾಧ್ಯಾಪಕನಿಗೂ ಇಲ್ಲ.